ಪೂಜೆಗೆ ಬಿಟ್ಟುಹೋದ ಬೀಗ

ಆಯುಧಪೂಜೆಯ ಹಿಂದಿನ ಸಂಜೆ ಕಾಫಿ ಲೋಟ ಕೆಳಗಿಟ್ಟು ಶಿವಪ್ರಕಾಶ ಘೋಷಿಸಿಬಿಟ್ಟ. ನಾಳೆ ಈ ಮನೆಯಲ್ಲಿ ಪೂಜೆ ಕಾಣದ ಒಂದೇ ಒಂದು ಮೊಳೆಯೂ ಇರಕೂಡದು!

ಘೋಷಣೆ ಕೇಳಿಸಿಕೊಳ್ಳಲು ಇದ್ದವರು ಇಬ್ಬರೇ. ಹೆಂಡತಿ ಸೌಮ್ಯ ಒಬ್ಬಟ್ಟಿಗೆ ಬೇಳೆ ಆರಿಸುತ್ತಿದ್ದಳು. ತಾಯಿ ಕಾಳಮ್ಮ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು. ಇಬ್ಬರೂ ತಲೆ ಎತ್ತಲಿಲ್ಲ. ಆದರೆ ಶಿವಪ್ರಕಾಶನಂಥವನು ಮಾತಾಡಬೇಕಾದರೆ ಸಭೆ ತುಂಬಿರಬೇಕೆಂಬ ನಿಯಮವೇನೂ ಇಲ್ಲ. ಅವನು ಹಾರಂಗಿ ಅಣೆಕಟ್ಟೆಯ ಗೇಟ್ ಆಪರೇಟರ್. ಮಳೆಗಾಲದಲ್ಲಿ ಅವನ ಕೈ ಆಡಿತೆಂದರೆ ಹೊಳೆಯೇ ಎದ್ದು ಹೊರಡುತ್ತದೆ, ಮೂರು ಜಿಲ್ಲೆಯ ಗದ್ದೆಗಳು ಅವನ ಕೈಯನ್ನೇ ನೋಡುತ್ತ ಕೂತಿರುತ್ತವೆ. ಹಾಗಂತ ಅವನು ಹೇಳುತ್ತಾನೆ. ಅಲ್ಲಿ ಗುಂಡಿ ಒತ್ತಿದರೆ ಗೇಟು ತಾನಾಗಿ ಏಳುತ್ತದೆ ಎಂದು ಸೌಮ್ಯ ಹೇಳುತ್ತಾಳೆ. ಎರಡೂ ನಿಜವೇ.

ಈ ಸಲ ಅವನಿಗೆ ಇಷ್ಟು ಹುರುಪು ಬರಲು ಕಾರಣ, ಮಾರನೆಯ ದಿನ ಊಟಕ್ಕೆ ಬರುವುದಾಗಿ ಒಪ್ಪಿಕೊಂಡಿದ್ದ ಮಾವ. ಹೆಬ್ಬಾಲೆಯ ಸಣ್ಣಸ್ವಾಮಿ ಎಂದರೆ ಶುಂಠಿ, ಜೋಳ ಬೆಳೆದು ಗಟ್ಟಿಯಾದ ಮನುಷ್ಯ. ಹುಟ್ಟಿದಾಗಿನಿಂದ ಯಾವ ವಸ್ತುವನ್ನೂ ಚೆನ್ನಾಗಿದೆ ಎಂದವರಲ್ಲ. ತೀರಾ ಮನಸ್ಸಿಗೆ ಹಿಡಿಸಿದರೆ ಮೀಸೆಯ ಒಳಗಿನಿಂದ 'ಪರವಾಗಿಲ್ಲ' ಎಂಬ ಒಂದು ಮಾತು ಹೊರಬೀಳುತ್ತದೆ. ಮಗಳು ಪರೀಕ್ಷೆಯಲ್ಲಿ ಶಾಲೆಗೇ ಮೊದಲು ಬಂದಾಗ ಹಾಗೆಂದಿದ್ದರಂತೆ, ಹೊಸ ಟ್ರ್ಯಾಕ್ಟರು ಮೊದಲ ಸಲ ಗದ್ದೆಗಿಳಿದಾಗ ಹಾಗೆಂದಿದ್ದರಂತೆ. ಅಳಿಯನ ವಿಷಯದಲ್ಲಿ ಮಾತ್ರ ಆ ಮೀಸೆ ಅಲುಗಿರಲಿಲ್ಲ. ಶಿವಪ್ರಕಾಶ ಕುಶಾಲನಗರದ ಆಚೆ, ಹಾರಂಗಿ ರಸ್ತೆಯಲ್ಲಿ ತಾರಸಿ ಮನೆ ಕಟ್ಟಿಸಿದ. ಅಲುಗಲಿಲ್ಲ. ಕಿಟಕಿಗೆಲ್ಲ ಪುನುಗು ಬೆಕ್ಕೂ ನುಸುಳಲಾಗದಂಥ ಗ್ರಿಲ್ ತಾನೇ ಗೆರೆ ಹಾಕಿ ಮಾಡಿಸಿದ. ಆಗಲೂ ಅಲುಗಲಿಲ್ಲ.

ಅಲುಗದಿದ್ದರೆ ಹೋಗಲಿ ಎನ್ನಬಹುದಿತ್ತು. ಆದರೆ ಗೃಹಪ್ರವೇಶದ ದಿನ ಮಾವ ಇನ್ನೊಂದು ಕೆಲಸ ಮಾಡಿದ್ದರು. ಅಂಗೈ ತುಂಬುವ ಹಿತ್ತಾಳೆ ಬೀಗವೊಂದನ್ನು ಉಡುಗೊರೆ ಕೊಟ್ಟು, ಅದರ ಬೀಗದ ಕೈಗಳಲ್ಲಿ ಒಂದನ್ನು ಎಲ್ಲರೆದುರೇ ತೆಗೆದು ತಮ್ಮ ಗೊಂಚಲಿಗೆ ಸೇರಿಸಿಕೊಂಡರು. "ನನ್ನ ಮಗಳ ಮನೆ. ಯಾವತ್ತಾದ್ರೂ ಬೇಕಾಗ್ತದೆ" ಎಂದರು. ಬಂದ ನೆಂಟರೆಲ್ಲ ನಕ್ಕರು. ಶಿವಪ್ರಕಾಶನೂ ನಕ್ಕ, ಆದರೆ ಹಲ್ಲು ಮಾತ್ರ ನಕ್ಕವು. ಮೂರು ಜಿಲ್ಲೆಗೆ ನೀರು ಬಿಡುವವನ ಮನೆಯ ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿ ಜಣಗುಡುವುದೆಂದರೇನು! ಅಂದಿನಿಂದ ಅವನಿಗೆ ಸರಿಯಾಗಿ ಊಟ ಸೇರಲಿಲ್ಲ ಎಂದರೆ ಸುಳ್ಳಾಗುತ್ತದೆ, ಊಟ ಸೇರುತ್ತಿತ್ತು, ಅರಗುತ್ತಿರಲಿಲ್ಲ.

ಅದಕ್ಕೇ ಅವನು ಕಳೆದ ತಿಂಗಳು ಹೊಸ ಲಾಕ್ ತಂದ. ಬಾಗಿಲು ಎಳೆದರೆ ತಾನೇ ಬೀಳುವಂಥದ್ದು, ಕನ್ನಡಿಯಂತೆ ಹೊಳೆಯುವಂಥದ್ದು. ಕೂರಿಸುವವರನ್ನು ಕರೆಯಲಿಲ್ಲ, ಸ್ವಂತ ಡ್ರಿಲ್ ಹಿಡಿದು ಸ್ವಂತ ಕೈಯಿಂದ ಮುಂಬಾಗಿಲಿಗೆ ಕೂರಿಸಿದ. ತಪ್ಪು ಜಾಗದಲ್ಲಿ ಕೊರೆದ ತೂತಿನ ಮೇಲೆ ಸ್ವಸ್ತಿಕದ ಸ್ಟಿಕ್ಕರ್ ಬಂತು. ಮಾವನ ಹಿತ್ತಾಳೆ ಬೀಗಕ್ಕೆ ಹಿತ್ತಲ ಬಾಗಿಲಿಗೆ ವರ್ಗವಾಯಿತು. ಅಲ್ಲಿ ಕೋತಿಗಳು ಚಿಲಕ ಸರಿಸುವುದನ್ನು ಕಲಿತಿದ್ದರಿಂದ ಹೊರಗಿನಿಂದ ಬೀಗ ಹಾಕುವ ರೂಢಿಯಿತ್ತು. ಮಾವನಿಗೆ ಈ ವರ್ಗಾವಣೆಯ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ನಾಳೆ ಅವರನ್ನು ಮುಂಬಾಗಿಲಲ್ಲಿ ನಿಲ್ಲಿಸಿ, ಹೊಸ ಲಾಕನ್ನು ಒಮ್ಮೆ ತೆಗೆದು, ಒಮ್ಮೆ ಹಾಕಿ, ಆ ಮೀಸೆಯ ಒಳಗಿನಿಂದ ಆ ಒಂದು ಮಾತನ್ನು ಹೊರಡಿಸಿಯೇ ಸಿದ್ಧ ಎಂದು ಶಿವಪ್ರಕಾಶ ಪಣ ತೊಟ್ಟಿದ್ದ.

ಬೆಳಗಾಯಿತು. ಪೂಜೆಯ ವೈಭವವನ್ನು ಏನೆಂದು ಹೇಳುವುದು! ಸ್ಪ್ಯಾನರ್, ಸುತ್ತಿಗೆ, ಡ್ರಿಲ್, ಕಟಿಂಗ್ ಪ್ಲೇಯರ್, ಗುದ್ದಲಿ, ಕುಡುಗೋಲು, ಈಳಿಗೆಮಣೆ, ಚಾಕು, ಮಿಕ್ಸಿಯ ಜಾರು, ಸೈಕಲ್ ಪಂಪು, ಹೊಲಿಗೆ ಯಂತ್ರದ ಸೂಜಿ, ಎಲ್ಲ ಸ್ನಾನ ಮಾಡಿ ದೇವರ ಮುಂದೆ ಸಾಲಾಗಿ ಕೂತವು. ಮನೆಯ ಬೀಗದ ಕೈಗಳೆಲ್ಲ ಒಂದು ತಟ್ಟೆಯಲ್ಲಿ ಕುಂಕುಮ ಹಚ್ಚಿಕೊಂಡು ಕೂತವು. ಒಮ್ಮೆ ಪೂಜೆಗಿಟ್ಟ ಆಯುಧವನ್ನು ಮರುದಿನ ಪೂಜೆ ಎತ್ತುವ ತನಕ ಯಾರೂ ಮುಟ್ಟುವಂತಿಲ್ಲ, ಅವತ್ತು ಅವಕ್ಕೆ ರಜೆ. ಈ ನಿಯಮದಲ್ಲಿ ಶಿವಪ್ರಕಾಶ ಭಾರೀ ಕಟ್ಟುನಿಟ್ಟು. ಹೋದ ವರ್ಷ ಬೀದಿಯ ಕೊನೆಯ ವೆಲ್ಡಿಂಗ್ ಅಂಗಡಿಯ ಮಹೇಶ ಪೂಜೆಯಾದ ಮೇಲೆ ಯಾವುದೋ ಗೇಟಿಗೆ ಒಂದು ಬೆಸುಗೆ ಹಾಕಿದನೆಂದು, ಅವನ ಅಂಗಡಿ ಮುಂದೆ ನಿಂತು ಸಂಸ್ಕೃತಿಯ ಮೇಲೆ ಅರ್ಧ ಗಂಟೆ ಭಾಷಣ ಮಾಡಿದ್ದ.

ಕಾಳಮ್ಮ ಎಲೆ ಅಡಿಕೆಗೆ ಕೈ ಹಾಕಿದರೆ ಚೀಲದಲ್ಲಿ ಅಡಕತ್ತರಿಯೇ ಇಲ್ಲ. ಅದೂ ದೇವರ ಮುಂದೆ ಹೂ ಮುಡಿದು ಕೂತಿತ್ತು. ಅವರು ಮಗನನ್ನು ಒಂದು ನೋಟ ನೋಡಿ, ಅಡಿಕೆಯಿಲ್ಲದೆ ಬರೀ ಎಲೆ ಮಡಿಚಿ ಬಾಯಿಗಿಟ್ಟುಕೊಂಡರು.

ಕೊನೆಗೆ ಹೊಸ ಲಾಕಿನ ಸರದಿ. ಶಿವಪ್ರಕಾಶ ಗಂಧವನ್ನು ಗಟ್ಟಿಯಾಗಿ ತೇಯ್ದು, ಅದಕ್ಕೆ ಕುಂಕುಮ ಕಲಸಿ, ಹೆಬ್ಬೆರಳಿನಿಂದ ಲಾಕಿನ ಮುಖದ ತುಂಬ ಮೆತ್ತಿದ. ಅದರ ಬಾಯಿಗೆ ವಿಶೇಷವಾಗಿ ಇನ್ನಷ್ಟು ಒತ್ತಿದ. ಮೇಲೊಂದಿಷ್ಟು ಅಕ್ಷತೆ ಎರಚಿದ. ಬಡಿಸುವಾಗ ಕೈ ಹಿಡಿಯುವುದು ಅವನ ವಂಶದಲ್ಲೇ ಇರಲಿಲ್ಲ.

ಕಾಳಮ್ಮ ನೆನಪಿಸಿದರು. "ಹಿತ್ತಲ ಬೀಗಕ್ಕೂ ಒಂದು ಬೊಟ್ಟು ಮಡಗೋ ಮಗ. ಅದೂ ದುಡಿಯೋ ವಸ್ತುವೇ ಅಲ್ವಾ."

"ಅದು ರಿಟೈರ್ಡ್ ಕಣವ್ವ" ಎಂದ ಶಿವಪ್ರಕಾಶ.

ಹೀಗೆ ಆ ಮನೆಯಲ್ಲಿ ಪೂಜೆ ಕಾಣದ ಲೋಹ ಅದೊಂದೇ ಉಳಿಯಿತು. ಒಬ್ಬಟ್ಟಿನ ವಾಸನೆಗೆ ಕೋತಿಗಳು ಬಂದಾವೆಂದು ಸೌಮ್ಯ ಆಗಲೇ ಹಿತ್ತಲ ಬಾಗಿಲಿಗೆ ಅದನ್ನು ಜಡಿದು, ಅದರ ಬೀಗದ ಕೈಯನ್ನೂ ಪೂಜೆಯ ತಟ್ಟೆಗೆ ಹಾಕಿದ್ದಳು.

ಇನ್ನು ಸ್ಕೂಟರಿನ ಪೂಜೆ. ಮೂವರೂ ಅಂಗಳಕ್ಕೆ ಬಂದರು. ಒಡೆಯಲಿರುವ ಬೂದುಗುಂಬಳದ ಚೂರು ಒಳಗೆ ಸಿಡಿಯದಿರಲೆಂದು ಶಿವಪ್ರಕಾಶ ಮುಂಬಾಗಿಲನ್ನು ತಾನೇ ಎಳೆದ. ಲಾಕು ಟಪ್ ಎಂದು ಬಿತ್ತು. "ಶಬ್ದ ಕೇಳಿದ್ಯಾ? ಇಂಥಾ ಶಬ್ದ ಬರಬೇಕು ನೋಡು" ಎಂದು ಹೆಂಡತಿಗೆ ತೋರಿಸಿದ. ಬೀಗದ ಕೈಗಳೆಲ್ಲ ಒಳಗಿವೆಯಲ್ಲ ಎಂದಳು ಅವಳು. ಶಿವಪ್ರಕಾಶ ಅಂಗಿಯ ಜೇಬು ತಟ್ಟಿ, ಅದರೊಳಗಿದ್ದ ಡೂಪ್ಲಿಕೇಟ್ ಕೀಯನ್ನು ಜಾದೂಗಾರನ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದ. ಮುಂದಾಲೋಚನೆ ಎಂದರೆ ಇದು!

ಕುಂಬಳಕಾಯಿ ಒಡೆಯಿತು. ನಿಂಬೆಹಣ್ಣಿನ ಮೇಲೆ ಸ್ಕೂಟರು ಹತ್ತಿ ಇಳಿಯಿತು. ಆರತಿಯಾಯಿತು, ಬೀದಿಯವರಿಗೆಲ್ಲ ಚರುಪು ಹಂಚಿಯಾಯಿತು. ಅಷ್ಟು ಹೊತ್ತೂ ಮೂಡಣದ ಬಿಸಿಲು ಮುಂಬಾಗಿಲ ಮೇಲೆ ನೇರವಾಗಿ ಬೀಳುತ್ತಿತ್ತು, ಲಾಕಿನ ಬಾಯೊಳಗಿನ ಗಂಧ ಕುಂಕುಮ ಅಕ್ಷತೆಗಳು ಒಂದನ್ನೊಂದು ಹಿಡಿದುಕೊಂಡು ಒಣಗುತ್ತಿದ್ದವು. ಎಲ್ಲ ಮುಗಿಸಿ ಶಿವಪ್ರಕಾಶ ಬಂದು ಕೀ ಹಾಕಿದ. ಅರ್ಧ ಹೋಗಿ ನಿಂತಿತು.

ಒತ್ತಿದ, ಹೋಗಲಿಲ್ಲ. ತಿರುಗಿಸಿದ, ತಿರುಗಲಿಲ್ಲ. ಕೀ ಮಾತ್ರ ಸ್ವಲ್ಪ ಸೊಂಟ ಬಾಗಿಸಿತು.

"ಗಾಬರಿ ಬೇಡ" ಎಂದ ಶಿವಪ್ರಕಾಶ. ಗಾಬರಿಯಾದವರು ಅಲ್ಲಿ ಯಾರೂ ಇರಲಿಲ್ಲ. ಯಂತ್ರ ಯಾವುದೇ ಆಗಲಿ, ಮೊದಲು ರೋಗ ಪತ್ತೆಯಾಗಬೇಕು, ಆಮೇಲೆ ಮದ್ದು ಎಂದು ಅವನು ವಿವರಿಸಿದ. ಲಾಕಿನ ಬಾಯಿಗೆ ಕಣ್ಣಿಟ್ಟು ನೋಡಿದ, ಕೆಂಪಗಿತ್ತು. ಕಿವಿಯಿಟ್ಟು ಕೇಳಿದ, ಏನೂ ಹೇಳಲಿಲ್ಲ. ಧೂಳಿರಬೇಕೆಂದು ತೀರ್ಮಾನಿಸಿ, ಸ್ಕೂಟರಿನ ಮುಂದಿದ್ದ ಊದುಬತ್ತಿಯೊಂದರ ಕಡ್ಡಿಯಿಂದ ಕೆದಕಿ, ತುಟಿ ಹಚ್ಚಿ ಶಕ್ತಿಯೆಲ್ಲ ಬಿಟ್ಟು ಊದಿದ. ಕೆದಕಿ ಸಡಿಲವಾಗಿದ್ದ ಕುಂಕುಮವೆಲ್ಲ ಒಮ್ಮೆಲೇ ವಾಪಸು ಬಂದು ಅವನ ಮೂಗು, ಹುಬ್ಬು, ಕೆನ್ನೆಗಳನ್ನು ಅಲಂಕರಿಸಿತು. ಕಡ್ಡಿಯ ತುದಿ ಮುರಿದು ಒಳಗೇ ಉಳಿಯಿತು.

"ಈಗ ನಿಮಗೂ ಪೂಜೆ ಆದಂಗಾಯ್ತು" ಎಂದಳು ಸೌಮ್ಯ.

ಮುಂದಿನ ಮದ್ದು ಎಣ್ಣೆ. ಸ್ಕೂಟರಿನ ಮುಂದೆ ಹಚ್ಚಿಟ್ಟ ದೀಪದ ಎಣ್ಣೆಯನ್ನೇ ಹೂವಿನ ಎಸಳಿನಲ್ಲಿ ಎತ್ತಿ ಲಾಕಿಗೆ ಕುಡಿಸಿದ. ಒಣಗಿದ ಗಂಧ, ಕುಂಕುಮ, ಅಕ್ಕಿ, ಅದರ ಮೇಲೆ ಎಣ್ಣೆ! ಅಡುಗೆ ಬಲ್ಲವರು ಯಾರಾದರೂ ಹೇಳುತ್ತಿದ್ದರು ಏನಾಗುತ್ತದೆಂದು. ಅಡುಗೆ ಬಲ್ಲವರು ಇಬ್ಬರು ಅಲ್ಲೇ ನಿಂತಿದ್ದರು, ಅವರನ್ನು ಅವನು ಕೇಳಲಿಲ್ಲ. ಹಲ್ವದಂಥ ಒಂದು ಪದಾರ್ಥ ಲಾಕಿನ ಬಾಯಿಂದ ನಿಧಾನವಾಗಿ ಹೊರಬಂದು ಬಾಗಿಲ ಮೇಲೆ ಗೆರೆ ಎಳೆಯಿತು. ಸ್ವಸ್ತಿಕದ ಸ್ಟಿಕ್ಕರ್ ಎಣ್ಣೆಗೆ ಕಿತ್ತು ಬಂದು, ತಪ್ಪಿ ಕೊರೆದ ತೂತು ಪ್ರಪಂಚಕ್ಕೆ ಕಾಣಿಸಿತು.

ಸೌಮ್ಯ ಆಗ ಮೆತ್ತಗೆ ವಿಷಯಕ್ಕೆ ಬಂದಳು. "ರೀ, ಒಂದು ಗಂಟೆಗೆ ಹೆಂಗೂ ಅಪ್ಪ ಬರ್ತಾರೆ. ಹಿತ್ತಲ ಬೀಗದ್ದು ಅವ್ರ ಗೊಂಚಲಲ್ಲೇ ಐತೆ. ಸುಮ್ನೆ ಕೂತ್ಕಳಿ."

ಇಷ್ಟು ಸರಳವಾದ ದಾರಿಯನ್ನು ಶಿವಪ್ರಕಾಶನ ಮುಂದೆ ಇಡಬಾರದಿತ್ತು. ಅವನ ಕುಂಕುಮದ ಮುಖ ಇನ್ನಷ್ಟು ಕೆಂಪಾಯಿತು. ಬರುವ ಮಾವನ ಎದುರು ಮನೆಯ ಯಜಮಾನ ಬೀದಿಯಲ್ಲಿ ನಿಂತಿರುವುದು, ಅವರು ಜೇಬಿಗೆ ಕೈ ಹಾಕುವುದು, ಜಣ್ ಎಂದು ಆ ಗೊಂಚಲು ಹೊರಬರುವುದು, 'ಯಾವತ್ತಾದ್ರೂ ಬೇಕಾಗ್ತದೆ ಅಂದಿರಲಿಲ್ವಾ' ಎಂಬಂತೆ ನೋಡುವುದು, ಇವೆಲ್ಲ ಅವನ ಕಣ್ಣಮುಂದೆ ಹಾದುಹೋದವು. ಸಾಯುವ ತನಕ ಅದು ನೆಂಟರ ಬಾಯಲ್ಲಿರುತ್ತದೆ.

"ನನ್ನ ಮನೆ ಬಾಗಿಲು ನಾನೇ ತೆಗೀತೀನಿ. ಹಾರಂಗಿ ಗೇಟೇ ಎತ್ತಿದೀನಿ, ಇದ್ಯಾವ ಲೆಕ್ಕ" ಎಂದ.

"ಅಲ್ಲಿ ಗುಂಡಿ ಐತೆ" ಎಂದಳು ಸೌಮ್ಯ.

ಬೇಕಾದದ್ದು ಒಂದು ಸ್ಕ್ರೂ ಡ್ರೈವರ್. ಶಿವಪ್ರಕಾಶನ ಬಳಿ ಬಗೆಬಗೆಯವು ಇದ್ದವು, ಎಲ್ಲ ಆ ಬಾಗಿಲಿನ ಆಚೆ ಹೂ ಮುಡಿದು ಕೂತಿದ್ದವು. ಅವನು ಮಹೇಶನ ವೆಲ್ಡಿಂಗ್ ಅಂಗಡಿಗೆ ನಡೆದ. ಅಂಗಡಿಗೆ ಬಾಳೆಕಂದು, ಮಾವಿನ ತೋರಣ. ಯಂತ್ರಗಳೆಲ್ಲ ಸೇವಂತಿಗೆ ಹಾರ ಹಾಕಿಕೊಂಡಿದ್ದವು. ಮಹೇಶ ಹೊಸ ಪಂಚೆ ಉಟ್ಟು, ಮಂಡಕ್ಕಿ ತಿನ್ನುತ್ತ, ಜನ್ಮದಲ್ಲೇ ಕಾಣದಷ್ಟು ನಿರಾಳವಾಗಿ ಕೂತಿದ್ದ. ಒಂದೇ ಒಂದು ಸ್ಕ್ರೂ ಡ್ರೈವರ್ ಕೊಡು, ಐದು ನಿಮಿಷದಲ್ಲಿ ತಂದುಕೊಡುತ್ತೇನೆ ಎಂದ ಶಿವಪ್ರಕಾಶ.

ಮಹೇಶನ ಮುಖದಲ್ಲಿ ಒಂದು ವರ್ಷದಿಂದ ಕಾದಿದ್ದ ಸಂತೋಷ ಅರಳಿತು. ಮಂಡಕ್ಕಿಯ ತಟ್ಟೆ ಪಕ್ಕಕ್ಕಿಟ್ಟು, ಎರಡೂ ಕೈ ಜೋಡಿಸಿದ. "ಅಣ್ಣ, ನೀವೇ ಅಲ್ವಾ ಹೋದ್ ವರ್ಷ ಇಲ್ಲೇ ನಿಂತ್ಕೊಂಡು ಹೇಳಿದ್ದು? ಆಯುಧಕ್ಕೂ ಒಂದು ಜೀವ ಐತೆ, ಒಂದಿನ ಅದ್ರ ಪಾಡಿಗೆ ಬಿಡದೇ ಇರೋನು ಮನುಷ್ಯನೇ ಅಲ್ಲ ಅಂತ. ನಮ್ಮನೆಯೋಳು ಆ ಮಾತು ಕೇಳಿ ಅತ್ತುಬಿಟ್ಟಿದ್ಲು. ನಾಳೆ ಪೂಜೆ ಎತ್ತಿದ್ ತಕ್ಷಣ ನಾನೇ ಬರ್ತೀನಿ."

ತನ್ನ ಭಾಷಣ ಇಷ್ಟು ಚೆನ್ನಾಗಿತ್ತೇ ಎಂದು ಶಿವಪ್ರಕಾಶನಿಗೆ ಒಂದು ಗಳಿಗೆ ಹೆಮ್ಮೆಯಾದದ್ದೂ ಸುಳ್ಳಲ್ಲ. ಬೀದಿಯುದ್ದಕ್ಕೂ ಕೇಳಿಕೊಂಡು ಬಂದ. ಸೈಕಲ್ ಅಂಗಡಿ, ಹಿಟ್ಟಿನ ಗಿರಣಿ, ಆಟೋ ನಿಲ್ದಾಣ, ಎಲ್ಲೆಲ್ಲೂ ಕಬ್ಬಿಣ ಇತ್ತು, ಎಲ್ಲಕ್ಕೂ ರಜೆ. ಮಂಡಕ್ಕಿ ಮಾತ್ರ ಎಲ್ಲರೂ ಕೊಟ್ಟರು. ಕುಶಾಲನಗರದ ಬೀಗ ರಿಪೇರಿಯವನಿಗೆ ಫೋನು ಮಾಡಿದರೆ ಅವನು ಮಡಿಕೇರಿಯಲ್ಲಿದ್ದ. ದಸರಾ ಮಂಟಪದಲ್ಲಿ ಮಹಿಷಾಸುರನ ಕುತ್ತಿಗೆ ತಿರುಗಿಸುವ ಕೆಲಸ ಒಪ್ಪಿಕೊಂಡಿದ್ದನಂತೆ, ಕುತ್ತಿಗೆ ತಿರುಗುತ್ತಿಲ್ಲವಂತೆ, ನಾಳೆ ರಾತ್ರಿ ಮೆರವಣಿಗೆಯಂತೆ, ಆದ್ದರಿಂದ ರಾಕ್ಷಸ ಮೊದಲು, ಶಿವಪ್ರಕಾಶ ಆಮೇಲೆ. ಪೂಜೆಯ ದಿನ ಆಯುಧ ಹಿಡಿಯಬಹುದೇ ಎಂದು ಇವನು ಬಾಯಿ ತಪ್ಪಿ ಕೇಳಿದ. ಇದು ದೇವಿಯ ಕೆಲಸ, ಇದಕ್ಕೆ ವಿನಾಯಿತಿ ಉಂಟು ಎಂದು ಅವನು ಫೋನು ಇಟ್ಟ.

ಜೇಬುಗಳ ತುಂಬ ಮಂಡಕ್ಕಿ ಹೊತ್ತು ಶಿವಪ್ರಕಾಶ ಹಿಂದಿರುಗುವಾಗ ಬೇಲಿಯ ಆಚೆಯಿಂದ ಬೊಳ್ಳಮ್ಮ ಕರೆದರು. ಪಕ್ಕದ ಮನೆಯ ಬೊಳ್ಳಮ್ಮ ಕೊಡವರ ಹೆಂಗಸು, ಗಂಡ ತೋಟಕ್ಕೆ ಹೋದರೆ ಮನೆಯ ಪೂರ್ತಿ ಆಡಳಿತ ಅವರದೇ. ಸುದ್ದಿ ಆಗಲೇ ತಿಳಿದಿತ್ತು.

"ನಮ್ಮ ಕೋವಿ ಕತ್ತಿಗೆಲ್ಲ ಹೋದ ತಿಂಗಳು ಕೊಡವರ ಆಯುಧದ ಹಬ್ಬ ಕೈಲ್‌ಪೊಳ್ದ್‌ಗೇ ಪೂಜೆ ಮುಗೀತಲ್ಲ ಪ್ರಕಾಶ. ಅವೆಲ್ಲ ರಜೆ ಮುಗಿಸಿ ಡ್ಯೂಟಿಗೆ ಬಂದಾಯ್ತು. ಏನು ಬೇಕು ಹೇಳು" ಎಂದರು.

ಶಿವಪ್ರಕಾಶನಿಗೆ ಆ ಕ್ಷಣ ಬೊಳ್ಳಮ್ಮ ಸಾಕ್ಷಾತ್ ಚಾಮುಂಡಿಯ ಹಾಗೆ ಕಂಡರು. ಆದರೆ ಚಾಮುಂಡಿಯ ಬಳಿ ಸ್ಕ್ರೂ ಡ್ರೈವರ್ ಇರಲಿಲ್ಲ. ಕಾಫಿ ಗಿಡದ ಕೊಂಬೆ ಕತ್ತರಿಸುವ ಕತ್ತರಿ ಇತ್ತು, ಅದು ಲಾಕಿನ ಬಾಯಿಗೆ ಹಿಡಿಸುವಂಥದ್ದಲ್ಲ. ಕತ್ತಿ ಇತ್ತು, ಅದೂ ಆಗದು. ಕೋವಿ ಇದೆ, ಬೇಕಾದರೆ ಲಾಕಿಗೆ ಒಂದು ಗುಂಡು ಹೊಡೆದು ಬಿಡೋಣ ಎಂದರು ಬೊಳ್ಳಮ್ಮ, ತಮಾಷೆಯ ಸುಳಿವೇ ಇಲ್ಲದೆ. ಬಾಗಿಲ ಆಚೆ ನೇರಕ್ಕೆ ಒಬ್ಬಟ್ಟಿನ ಪಾತ್ರೆ ಇದೆ ಎಂದು ಕಾಳಮ್ಮ ಆ ಯೋಜನೆಯನ್ನು ತಳ್ಳಿಹಾಕಿದರು. ಕೊನೆಗೆ ಉಳಿದದ್ದು ಮೆಣಸು ಕೊಯ್ಯುವ ಬಿದಿರಿನ ಏಣಿ.

ಏಣಿ! ಶಿವಪ್ರಕಾಶನ ತಲೆಯಲ್ಲಿ ದೀಪ ಹತ್ತಿತು. ಬೀಗವೇ ಬೇಡ, ಬಾಗಿಲೇ ಬೇಡ. ಕಿಟಕಿಗಳಿಗೆಲ್ಲ ಅವನ ಪ್ರಸಿದ್ಧ ಗ್ರಿಲ್ ಇತ್ತು ನಿಜ. ಆದರೆ ಬಚ್ಚಲುಮನೆಯ ಗವಾಕ್ಷಿಗೆ ಬರೀ ಗಾಜಿನ ಪಟ್ಟಿಗಳು, ಕೈಯಿಂದಲೇ ಜಾರಿಸಿ ತೆಗೆಯಬಹುದು. ಏಣಿ ಹಾಕು, ಗಾಜು ತೆಗೆ, ಒಳಗೆ ಇಳಿ, ಮುಂಬಾಗಿಲನ್ನು ಒಳಗಿನಿಂದ ತೆಗೆ, ಮುಖ ತೊಳೆ, ಪಂಚೆ ಉಡು, ಬಾಗಿಲಲ್ಲಿ ನಿಂತು ಮಾವನನ್ನು ಎದುರುಗೊಳ್ಳು. ಸಮಯ ಬೇಕಾದಷ್ಟಿತ್ತು. ಬುದ್ಧಿ ಎಂದರೆ ಇದು ಎಂದು ಅವನು ತನಗೆ ತಾನೇ ಹೇಳಿಕೊಂಡ.

ಗವಾಕ್ಷಿಯ ಅಳತೆ ನೋಡಿ, ಗಂಡನ ಅಳತೆ ನೋಡಿ, ಸೌಮ್ಯ ಒಂದು ಮಾತು ಹೇಳಲು ಬಾಯಿ ತೆರೆದಳು. ಆಮೇಲೆ ಮುಚ್ಚಿದಳು. ಬೊಳ್ಳಮ್ಮನ ಬಳಿ ಮೊಬೈಲ್ ಇಸಿದುಕೊಂಡು ಬೇಲಿಯ ಕಡೆ ಹೋಗಿ, ಯಾರೊಡನೆಯೋ ಎರಡು ಮಾತಾಡಿ ಬಂದಳು.

ಬೊಳ್ಳಮ್ಮ ಏಣಿ ಹಿಡಿದರು. ಶಿವಪ್ರಕಾಶ ಹತ್ತಿದ. ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ಕೆಳಗೆ ಕೊಟ್ಟ. ತಲೆ ಒಳಗೆ ಹೋಯಿತು. ಭುಜ ಓರೆಯಾಗಿ ಒಳಗೆ ಹೋಯಿತು. ಎದೆಯೂ ಹೋಯಿತು. ನೋಡಿದ್ರಾ ಎಂದು ಒಳಗಿನಿಂದಲೇ ಕೂಗಿದ, ಆ ಕೂಗು ಬಚ್ಚಲುಮನೆಯಲ್ಲಿ ಸುತ್ತಿ ಅವನಿಗೇ ವಾಪಸು ಕೇಳಿಸಿತು. ಆಮೇಲೆ ಹೊಟ್ಟೆಯ ಸರದಿ. ಹಿಂದಿನ ದಿನ ತಿಂದ ಕಡುಬೋ, ಜೇಬುಗಳಲ್ಲಿದ್ದ ಮಂಡಕ್ಕಿಯೋ, ಒಟ್ಟಿನಲ್ಲಿ ಅಲ್ಲಿಗೆ ಪ್ರಯಾಣ ನಿಂತಿತು. ಮುಂದೆ ತಳ್ಳಿದ, ಹೋಗಲಿಲ್ಲ. ಹಿಂದಕ್ಕೆ ಎಳೆದ, ಬರಲಿಲ್ಲ. ಅರ್ಧ ಹೋಗಿ ನಿಂತದ್ದು ಆ ದಿನ ಕೀ ಒಂದೇ ಅಲ್ಲ ಎಂದಾಯಿತು.

ಮೇಲಿನ ಅರ್ಧ ಶಿವಪ್ರಕಾಶನಿಗೆ ಒಳಗೆ ಬಕೆಟ್ಟು, ಚೊಂಬು, ಸೋಪಿನ ಪೆಟ್ಟಿಗೆ ಕಾಣುತ್ತಿದ್ದವು, ತನ್ನ ಮನೆ ತನಗೆ ಕೈಗೆಟುಕುವಷ್ಟು ಹತ್ತಿರವಿತ್ತು. ಕೆಳಗಿನ ಅರ್ಧ ಶಿವಪ್ರಕಾಶ ಹೊರಗೆ ಕಾಲು ಝಾಡಿಸುತ್ತಿದ್ದ. ಆಗ ರಸ್ತೆಯಲ್ಲಿ ಜೀಪು ನಿಂತ ಸದ್ದಾಯಿತು. ಒಂದು ಗಂಟೆಗೆ ಬರಬೇಕಾದ ಜೀಪು ಆಗಲೇ ಬಂದಿತ್ತು!

ಸಣ್ಣಸ್ವಾಮಿ ಇಳಿದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಕೈಯಲ್ಲಿ ಹಣ್ಣಿನ ಚೀಲ. ಮುಂಬಾಗಿಲಿನ ಮೇಲಿನ ಕೆಂಪು ಗೆರೆಯನ್ನು ನೋಡಿದರು, ತೂತನ್ನು ನೋಡಿದರು. ಮನೆಯ ಪಕ್ಕಕ್ಕೆ ಬಂದು ಗೋಡೆಯಿಂದ ಹೊರಟಿದ್ದ ಎರಡು ಕಾಲುಗಳನ್ನು ನೋಡಿದರು.

"ಅಳಿಯಂದ್ರು ಎಲ್ಲವ್ವ?" ಎಂದು ಮಗಳನ್ನು ಕೇಳಿದರು.

ಸೌಮ್ಯ ಗಂಡನ ಮಾನ ಬಿಟ್ಟುಕೊಡುವ ಹೆಂಗಸಲ್ಲ. "ಪೂಜೆ ಮಾಡ್ತಾವ್ರೆ ಅಪ್ಪ. ಎಲ್ಲದಕ್ಕೂ ಆಯ್ತು, ಗವಾಕ್ಷಿ ಒಂದು ಉಳಿದಿತ್ತು."

ಕಾಲುಗಳು ಒಂದು ಕ್ಷಣ ಸ್ತಬ್ಧವಾದವು. ಆಮೇಲೆ ಗೋಡೆಯ ಒಳಗಿನಿಂದ ಗುಂಯ್ ಎಂಬ ಪ್ರತಿಧ್ವನಿಯೊಡನೆ ವಿನಯದ ಸ್ವರವೊಂದು ಬಂತು. "ಬನ್ನಿ ಮಾವ. ಕೂತ್ಕಳಿ. ಇನ್ನೇನು ಬಂದೆ."

ಸಣ್ಣಸ್ವಾಮಿ ಕಾಲು ತೊಳೆಯಲು ಹಿತ್ತಲಿಗೆ ನಡೆದರು. ಅಲ್ಲಿ ಬಾಗಿಲಲ್ಲಿ ತಾವು ಕೊಟ್ಟ ಹಿತ್ತಾಳೆ ಬೀಗ ತೂಗುತ್ತಿತ್ತು. ಇಡೀ ಮನೆ ಅರಿಸಿನ ಕುಂಕುಮ ಬಳಿದುಕೊಂಡು ಮೆರೆಯುತ್ತಿರುವಾಗ ಅದರ ಮೈಮೇಲೆ ಒಂದು ಬೊಟ್ಟೂ ಇರಲಿಲ್ಲ. ಅವರು ಅದನ್ನು ಅಂಗೈಯಲ್ಲಿ ಎತ್ತಿ ಹಿಡಿದು ಒಂದಷ್ಟು ಹೊತ್ತು ನೋಡಿದರು. ಅಪ್ಪನಿಗೆ ನೋವಾಯಿತೆಂದು ಹಿಂದೆ ಬಂದ ಸೌಮ್ಯಳಿಗೆ ಗೊತ್ತಾಯಿತು.

"ಇದಕ್ಕೆ ಪೂಜೆ ಮಾಡಿಲ್ವಾ?" ಎಂದರು ಸಣ್ಣಸ್ವಾಮಿ.

"ಇಲ್ಲ ಅಪ್ಪ" ಎಂದಳು ಅವಳು, ನೆಲ ನೋಡುತ್ತ.

"ಹಂಗಾರೆ ಇದಕ್ಕೆ ರಜೆ ಇಲ್ಲ" ಎಂದರು. ಜೇಬಿಗೆ ಕೈ ಹಾಕಿದರು. ಜಣ್ ಎಂದಿತು. ಬೀಗದ ಕೈ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದು ತಿರುಗಿತು. ಬಾಗಿಲು ತೆರೆಯಿತು.

ಬಚ್ಚಲುಮನೆಯಲ್ಲಿ ನೇತಾಡುತ್ತಿದ್ದ ಅರ್ಧ ಅಳಿಯನಿಗೆ ಆ ಜಣ್ ಸದ್ದು ಕೇಳಿಸಿತು. ಲೋಕದಲ್ಲಿ ಅವನು ಕೇಳಬಾರದೆಂದುಕೊಂಡಿದ್ದ ಸದ್ದು ಅದೊಂದೇ. ಮರುಕ್ಷಣ ಬಚ್ಚಲ ಬಾಗಿಲು ತೆರೆದು ಮಾವ ಎದುರಿಗೆ ಬಂದು ನಿಂತರು. ಕೆಂಪು ಮುಖದ ಅಳಿಯ, ಬಿಳಿ ಮೀಸೆಯ ಮಾವ, ಮುಖಕ್ಕೆ ಮುಖ. ಗೃಹಪ್ರವೇಶದ ನಂತರ ಇಬ್ಬರೂ ಇಷ್ಟು ಹತ್ತಿರ ಬಂದಿರಲೇ ಇಲ್ಲ.

"ಚೆನ್ನಾಗಿದ್ದೀರಾ ಮಾವ" ಎಂದ ಶಿವಪ್ರಕಾಶ. ಬೇರೇನು ಹೇಳಿಯಾನು?

ಸಣ್ಣಸ್ವಾಮಿ ಎರಡು ಭುಜ ಹಿಡಿದು ಹೊರಗೆ ದಬ್ಬಿದರು. ಹೊರಗೆ ಬೊಳ್ಳಮ್ಮ ಎರಡು ಕಾಲು ಹಿಡಿದು ಎಳೆದರು. ಜೇಬುಗಳ ಮಂಡಕ್ಕಿಯೆಲ್ಲ ಬಚ್ಚಲಿಗೂ ಅಂಗಳಕ್ಕೂ ಸಮನಾಗಿ ಉದುರಿತು. ಏಣಿಯಿಂದ ಇಳಿದ ಶಿವಪ್ರಕಾಶ, ಕೋತಿಗಳಿಗಾಗಿ ಮುಚ್ಚಿದ ಹಿತ್ತಲ ಬಾಗಿಲಿನಿಂದ, ತಲೆ ತಗ್ಗಿಸಿಕೊಂಡು ತನ್ನ ಸ್ವಂತ ಮನೆಯನ್ನು ಪ್ರವೇಶಿಸಿದ. ಮುಂಬಾಗಿಲನ್ನು ಒಳಗಿನಿಂದ ತಿರುಗಿಸಿದರೆ ಒಂದೇ ತಿರುವಿಗೆ, ಅದೇ ಟಪ್ ಎಂಬ ಸೊಗಸಾದ ಶಬ್ದದೊಂದಿಗೆ ತೆರೆಯಿತು.

ಊಟಕ್ಕೆ ಎಲೆ ಹಾಕಿದರು. ಬೊಳ್ಳಮ್ಮನಿಗೂ ಎಲೆ ಬಿತ್ತು. ಕಾಳಮ್ಮ ಬಡಿಸುತ್ತ ಬೆಳ್ಳಂಬೆಳಗ್ಗೆಯಿಂದ ನಡೆದದ್ದನ್ನೆಲ್ಲ ಬೀಗರಿಗೆ ಒಪ್ಪಿಸಿದರು. ರಿಟೈರ್ಡ್ ಎಂಬ ಮಾತೊಂದನ್ನು ಬಿಟ್ಟರು, ಅವರು ತಾಯಿ. ಸಣ್ಣಸ್ವಾಮಿ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಂಡು ತಿಂದರು, ಸಾರು ಕಲಸಿ ಉಂಡರು, ಮೀಸೆ ಅಲುಗಿದ್ದು ಅಗಿಯುವುದಕ್ಕೆ ಮಾತ್ರ. ಶಿವಪ್ರಕಾಶ ಎಲೆಯ ಮೇಲಿನ ಕೋಸಂಬರಿಯನ್ನು ಅತ್ತಿಂದಿತ್ತ ಸರಿಸುತ್ತಿದ್ದ. ಗೆಲ್ಲಬೇಕೆಂದಿದ್ದ ದಿನ ಹೀಗೆ ಕೈಬಿಟ್ಟು ಹೋದದ್ದಕ್ಕೆ ಅವನಿಗೆ ನಿಜವಾಗಿ ದುಃಖವಾಗಿತ್ತು. ಅದಕ್ಕಿಂತ, ಆ ಹಿತ್ತಾಳೆ ಬೀಗಕ್ಕೆ ಒಂದು ಬೊಟ್ಟು ಇಟ್ಟಿದ್ದರೆ ತನ್ನ ಗಂಟೇನು ಹೋಗುತ್ತಿತ್ತು ಎಂದು ನಾಚಿಕೆಯಾಗಿತ್ತು.

ಕೈ ತೊಳೆದು ಹೊರಡುವ ಹೊತ್ತಿಗೆ ಸಣ್ಣಸ್ವಾಮಿ ಮುಂಬಾಗಿಲಲ್ಲಿ ನಿಂತರು. ಹೊಸ ಲಾಕಿನ ಹೊರಮೈ ನೋಡಿದರು, ಒಳಮೈ ನೋಡಿದರು. ಬಾಗಿಲನ್ನು ಒಮ್ಮೆ ತಟ್ಟಿ ನೋಡಿದರು. ಮೀಸೆ ಅಲುಗಿತು.

"ಪರವಾಗಿಲ್ಲ ಅಳಿಯಂದ್ರೆ ನಿಮ್ಮ ಬೀಗ" ಎಂದರು ಸಣ್ಣಸ್ವಾಮಿ. "ಮನೆ ಯಜಮಾನನ್ನೇ ಒಳಕ್ಕೆ ಬಿಡ್ಲಿಲ್ಲ ಅಂದ್ಮೇಲೆ ಕಳ್ಳರನ್ನ ಬಿಟ್ಟಾತಾ?"

ಸೌಮ್ಯ ಸೆರಗು ಬಾಯಿಗಿಟ್ಟುಕೊಂಡಳು. ಬೊಳ್ಳಮ್ಮ ಮುಚ್ಚುಮರೆಯಿಲ್ಲದೆ ನಕ್ಕರು. ಆದರೆ ಶಿವಪ್ರಕಾಶನ ಕಿವಿಗೆ ಬಿದ್ದದ್ದು ಮೊದಲ ಮಾತೊಂದೇ. ಉಳಿದದ್ದೆಲ್ಲ ಬರೀ ವಿವರಣೆ! ಮಗಳ ಮಾರ್ಕ್ಸ್ ಕಾರ್ಡು, ಟ್ರ್ಯಾಕ್ಟರು, ಅವುಗಳ ಸಾಲಿನಲ್ಲಿ ಈಗ ಅವನ ಲಾಕು. ಎದೆ ಎಷ್ಟು ಉಬ್ಬಿತೆಂದರೆ ಆಗೇನಾದರೂ ಗವಾಕ್ಷಿಗೆ ಹೋಗಿದ್ದರೆ ಅದೂ ಒಳಗೆ ಹಿಡಿಸುತ್ತಿರಲಿಲ್ಲ. ಆ ಸಂತೋಷದಲ್ಲಿ ಅವನ ಬಾಯಿಂದ ಅವನೇ ನಿರೀಕ್ಷಿಸದ ಮಾತು ಬಂದುಬಿಟ್ಟಿತು. ನಾಳೆ ಪೂಜೆ ಎತ್ತಿದ ಮೇಲೆ ಹೊಸ ಲಾಕಿನದೂ ಒಂದು ಬೀಗದ ಕೈ ಕಳಿಸುತ್ತೇನೆ, ನಿಮ್ಮ ಗೊಂಚಲಲ್ಲೇ ಇರಲಿ ಮಾವ ಎಂದ.

"ಕಳ್ಸಿ. ತೊಳೆದು ಕಳ್ಸಿ" ಎಂದು ಸಣ್ಣಸ್ವಾಮಿ ಜೀಪು ಹತ್ತಿದರು.

ಜೀಪು ತಿರುವಿನಲ್ಲಿ ಮರೆಯಾಗುವ ತನಕ ಶಿವಪ್ರಕಾಶ ಕೈ ಬೀಸಿದ. ನಾಳೆ ಅಣೆಕಟ್ಟೆಯಲ್ಲಿ ಯಾರ್‍ಯಾರಿಗೆ ಈ ವಿಷಯ ಹೇಳಬೇಕು, ಎಲ್ಲಿಂದ ಶುರು ಮಾಡಿ ಎಲ್ಲಿ ನಿಲ್ಲಿಸಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡ. ಆಮೇಲೆ ಅವನಿಗೆ ಒಂದು ಕರ್ತವ್ಯ ನೆನಪಾಯಿತು. ಒಳಗೆ ಹೋಗಿ ಉಳಿದ ಗಂಧವನ್ನೆಲ್ಲ ಬಟ್ಟಲಿಗೆ ಬಳಿದುಕೊಂಡ, ಕುಂಕುಮ ಸುರಿದುಕೊಂಡ, ಒಂದು ಹಿಡಿ ಅಕ್ಷತೆ ಹಿಡಿದುಕೊಂಡ. ಮನಸ್ಸು ತುಂಬಿ, ಕಣ್ಣಂಚು ಸ್ವಲ್ಪ ಒದ್ದೆಯಾಗಿ, ಹಿತ್ತಲ ಬಾಗಿಲಿನ ಹಿತ್ತಾಳೆ ಬೀಗದ ಕಡೆಗೆ ಹೊರಟ.

ಬಾಗಿಲಿಗೆ ಅಡ್ಡಲಾಗಿ ಕಾಳಮ್ಮ ನಿಂತಿದ್ದರು. ಎರಡೂ ಕೈ ಚಾಚಿ ಚೌಕಟ್ಟು ಹಿಡಿದಿದ್ದರು.

"ಬ್ಯಾಡ ಕಣಪ್ಪ" ಎಂದರು. "ಮನೇಲಿ ಅದೊಂದಾದ್ರೂ ಕೆಲಸ ಮಾಡ್ಕೊಂಡಿರ್ಲಿ."